ವಾರ್ಡಿನಲ್ಲಿ ಹೇಳಿದ ಅಕ್ಕನ ಕಥೆ

ಪ್ರತಾಪ ನಗರ, ನಾಗಪುರ
೮ ಜೂನ್ ೨೦೨೪

ಅಕ್ಕ ಲಕ್ಷ್ಮವ್ವಗೆ,

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಬೇಕಾದರೆ ಮೊದಲು ಕೂಲರು ರಿಪೇರಿ ಆಗಬೇಕು. ಮಿರಗ ನಕ್ಷತ್ರ ಕೂಡಿದರೂ ಮಳೆಯ ಸುದ್ದಿಯಿಲ್ಲ. ಮಧ್ಯಾಹ್ನ ನಳ ಬಿಟ್ಟರೆ ಚಹಾಕ್ಕೆ ಕಾಸಿದಂಥ ನೀರು ಬರುತ್ತದೆ.

ನಿನ್ನ ಕಿವಿ ಪೂರ್ತಿ ಹೋಯಿತು ಎಂದು ನಂದೀಶ ಹೇಳಿದ. ನಿನ್ನ ಮೈದುನನ ಮಗ ಇಷ್ಟಾದರೂ ಬಾಯಿ ಬಿಟ್ಟನಲ್ಲ. ಹೋದ ತಿಂಗಳು ಫೋನಿನಲ್ಲಿ ನಾನು ತೀರಿಕೊಂಡ ಹೂಗಾರ ಮಾಮಾನ ದಿನಕರ್ಮದ ಬಗ್ಗೆ ಕೇಳಿದರೆ ನೀನು "ಹೂಂ, ಆರಾಮ ಅದಾನ" ಎಂದೆ. ಆಗಲೇ ನನಗೆ ಸಂಶಯ ಬಂದಿತ್ತು. ಇನ್ನು ಮುಂದೆ ಪತ್ರವೇ ಗತಿ. ನಾಲ್ಕನೇ ಇಯತ್ತೆ ಓದಿದವಳ ಅಕ್ಷರ, ಕನ್ನಡಕ ಒರೆಸಿಕೊಂಡು ಓದು. ಈ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವವರಿಲ್ಲ. ಮಗ ಚನ್ನವೀರ ಕಲಿತದ್ದು ಮರಾಠಿ ಸಾಲಿಯಲ್ಲಿ, ಮೊಮ್ಮಗಳು ಶೀತಲ್ ಅಂತೂ ಕನ್ನಡದ ಅಕ್ಷರ ಕಂಡರೆ ರಂಗೋಲಿ ಎನ್ನುತ್ತಾಳೆ. ಹಾಗಾಗಿ ನಾವಿಬ್ಬರೂ ಏನು ಬೇಕಾದರೂ ಬರೆದುಕೊಳ್ಳಬಹುದು.

ಸುದ್ದಿ ಏನೆಂದರೆ, ನಾನು ಮತ್ತೆ ಸಾಲಿಗೆ ಸೇರಿದ್ದೇನೆ. ತಿಂಗಳಿಗೊಮ್ಮೆ ನಾನು ಗುಳಿಗೆ ತರಲು ಹೋಗುವ ಮನಸ್ಸಿನ ದವಾಖಾನೆ ನಿನಗೆ ಗೊತ್ತು. ಗೊತ್ತಿದ್ದೂ ನೀನು "ಬಿಪಿ ಗುಳಿಗಿ ತಗೊಂಡಿ?" ಎಂದು ಕೇಳುತ್ತೀ, ಅದಿರಲಿ. ಹೋದ ತಿಂಗಳು ನನ್ನ ಪಕ್ಕದ ಹುಡುಗಿ ಅಳುತ್ತ ಕೂತಿದ್ದಳು. ನಾನು, "ಅಳೂದಿದ್ರ ಅಳು, ಖರೆ ಆ ಕೇಸ್ ಪೇಪರ್ ಅತ್ತಾಗ ಹಿಡಿ. ತೊಯ್ದರ ಮತ್ತ ಪಾಳಿ ಹಚ್ಚಬೇಕಾಗ್ತೈತಿ" ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಅವಳು ನಕ್ಕಳು. ಅದನ್ನು ಅಭಿಜಿತ್ ಎಂಬ ಹುಡುಗ ನೋಡಿದ. ಹುಡುಗ ಎಂದರೆ ನಲವತ್ತು ದಾಟಿದ್ದಾನೆ, ತಾನೂ ಒಂದು ಕಾಲಕ್ಕೆ ಅದೇ ದವಾಖಾನೆಯ ವಾರ್ಡಿನಲ್ಲಿ ಮಲಗಿದ್ದವನು. ಈಗ ತರಬೇತಿ ಕೊಡುತ್ತಾನೆ. ಪೀರ್ ಸಪೋರ್ಟ್ ವರ್ಕರ್ ಎಂದು ಆ ಕೆಲಸದ ಹೆಸರು. ಒಮ್ಮೆ ಬಿದ್ದು ಎದ್ದವರು ಈಗ ಬಿದ್ದವರ ಪಕ್ಕ ಕೂರಬೇಕು, ಅಷ್ಟೇ. ಮಂಗಳವಾರ, ಶುಕ್ರವಾರ ಪಾಠ.

ಚನ್ನವೀರ ಬುಟಿಬೋರಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚುತ್ತ, "ಅವ್ವಾ, ಮೊಣಕಾಲ ಹಿಡಕೊಂಡು ಯಾಕ ಅಡ್ಡಾಡತಿ? ಮಂದಿ ಏನಂದಾರು?" ಎಂದ.

"ಮಂದಿ ಮೊಣಕಾಲ ಸುದ್ದಿ ಕೇಳೂದಿಲ್ಲಪಾ, ತಲಿ ಸುದ್ದಿ ಕೇಳತಾರ ಅಂತ ನಿನಗ ಚಿಂತಿ," ಎಂದೆ. ಸೊಸೆ ಸೌಜನ್ಯಾ ಒಳಗಿನಿಂದ, "ಹೋಗ್ಲಿ ಬಿಡ್ರಿ, ವಾರದಾಗ ಎರಡ ದಿನ ನಮಗೂ ಶಾಂತಿ," ಎಂದಳು. ಸೊಸೆ ನನ್ನ ಬಾಯಿ ಕಲಿತುಬಿಟ್ಟಿದ್ದಾಳೆ.

ಉತ್ತರ ಬರೆ.

ತಂಗಿ,
ಜಯವ್ವ


ಪ್ರತಾಪ ನಗರ, ನಾಗಪುರ
೨ ಜುಲೈ ೨೦೨೪

ಅಕ್ಕಾ,

ನೀನು ಬರೆಯಲಿಲ್ಲ. ಕಿವಿ ಹೋದರೆ ಕೈಯೂ ಹೋಗುತ್ತದೆಯೇ?

ಈ ಸಾಲಿ ನಾನು ತಿಳಿದಷ್ಟು ಸುಲಭವಿಲ್ಲ. ಎರಡು ಬಸ್ಸು ಬದಲಿಸಿ ಹೋಗಿ ಬರುವಷ್ಟರಲ್ಲಿ ಸೊಂಟ ಬಿದ್ದು ಹೋಗುತ್ತದೆ. ಹೋದಲ್ಲಿ ಹೇಳಿಕೊಡುವುದೆಲ್ಲ ಬಾಯಿ ಮುಚ್ಚುವ ವಿದ್ಯೆ. ಬುದ್ಧಿ ಹೇಳಬಾರದು. "ನಿನ್ನ ಸಂಕಟ ನನಗೆ ಗೊತ್ತು" ಎನ್ನಬಾರದು. ದೇವರ ಹೆಸರು ತಂದು ಮಾತು ಮುಗಿಸಬಾರದು. ಶಾಮ ಎಂಬ ಆಟೋ ನಡೆಸುವವನೊಬ್ಬ ನಮ್ಮ ಜೊತೆ ಕಲಿಯುತ್ತಾನೆ. ಅವನು ಕಾಯಿಲೆಯವನಂತೆ ನಟಿಸಬೇಕು, ನಾನು ಕೇಳಿಸಿಕೊಳ್ಳಬೇಕು. ಅವನು "ಎಂಟು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ ಆಜಿ" ಎಂದ. ನಾನು "ಮೊದಲು ಎದ್ದು ಜಳಕ ಮಾಡು" ಎಂದುಬಿಟ್ಟೆ. ಅಭಿಜಿತ್ ಗಡಿಯಾರ ನೋಡಿ, "ಆಜಿ, ಒಂದು ನಿಮಿಷವೂ ಆಗಲಿಲ್ಲ" ಎಂದ. ಅರವತ್ತೇಳು ವರ್ಷ ಬೇರೆಯವರಿಗೆ ಹೇಳಿ ಹೇಳಿ ಬೆಳೆದ ನಾಲಿಗೆ, ಮೂರು ತಿಂಗಳಿನಲ್ಲಿ ಕಟ್ಟು ಎಂದರೆ ಹೇಗೆ ಕಟ್ಟಲಿ?

ಈಗ ಮುಖ್ಯ ಮಾತು. ನಾವು ಪ್ರತಿಯೊಬ್ಬರೂ ನಮ್ಮ ಕಥೆಯನ್ನು ಐದು ನಿಮಿಷದಲ್ಲಿ ಹೇಳಲು ಕಲಿಯಬೇಕು. ನಾನೂ ಬಿದ್ದಿದ್ದೆ, ಹೀಗೆ ಎದ್ದೆ ಎಂದು. ಎದುರಿನವರಿಗೆ ಬೇಕಾದಾಗ, ಬೇಕಾದಷ್ಟೇ. ಆ ಕಥೆಯಲ್ಲಿ ಬರುವವರು ಬದುಕಿದ್ದರೆ ಅವರನ್ನು ಕೇಳಿ ಹೇಳಬೇಕಂತೆ.

ನನ್ನ ಕಥೆಯಲ್ಲಿ, ಆಗ ಕೂಸಾಗಿದ್ದ ಚನ್ನವೀರನನ್ನು ಬಿಟ್ಟರೆ, ಬದುಕಿರುವವಳು ನೀನೊಬ್ಬಳು.

ನಾನು ಹೇಳುವುದು ಇಷ್ಟು. ಚನ್ನವೀರನ ಬಾಣಂತನಕ್ಕೆ ತವರಿಲ್ಲದ ನಾನು ನಿನ್ನ ಮನೆಗೆ ಬೆಟಗೇರಿಗೆ ಬಂದೆ. ಕೂಸಿಗೆ ತಿಂಗಳು ತುಂಬುವಷ್ಟರಲ್ಲಿ ನನ್ನ ತಲೆ ಕೆಟ್ಟಿತು. ಇವರು ನಾಗಪುರದಿಂದ ಬಂದು ನನ್ನನ್ನು ದವಾಖಾನೆಗೆ ಸೇರಿಸಿ, ಕೂಸನ್ನು ನಿನ್ನ ಉಡಿಯಲ್ಲಿ ಹಾಕಿ, ಆರ್ಡನನ್ಸ್ ಫ್ಯಾಕ್ಟರಿಯ ನೌಕರಿಗೆ ತಿರುಗಿ ಹೋದರು. ಅಲ್ಲಿ ಒಂಬತ್ತು ತಿಂಗಳು ಇದ್ದೆ. ನಾಲ್ಕು ತಿಂಗಳಿಗೆ ನೆಟ್ಟಗಾದೆ, ಮನೆಯವರು ಬಂದು ಕರೆದುಕೊಂಡು ಹೋಗಲಿ ಎಂದು ಡಾಕ್ಟರು ಹೇಳಿದರು. ಉಳಿದ ಐದು ತಿಂಗಳು ಯಾರೂ ಬರಲಿಲ್ಲ. ನಿನಗೆ ಪತ್ರ ಬರೆದೆ, ಉತ್ತರ ಬರಲಿಲ್ಲ.

ಹೀಗೆ ಹೇಳಲೇ? ನಲವತ್ತು ವರ್ಷದಲ್ಲಿ ಇದನ್ನು ನಿನ್ನ ಮುಂದೆ ಎತ್ತಿದ್ದು ಇದೇ ಮೊದಲು. ಅದೂ ಸಾಲಿಯ ಪಾಠ ಎಂದು.

ನಿನ್ನ
ಜಯವ್ವ


ಬೆಟಗೇರಿ
೧೫ ಜುಲೈ ೨೦೨೪

ತಂಗಿ ಜಯವ್ವಗೆ ಆಶೀರ್ವಾದ.

ಎರಡೂ ಪತ್ರ ಮುಟ್ಟಿವೆ. ನಂದೀಶನ ಕೈಗೆ ಕೊಡಲಿಲ್ಲ, ನಾನೇ ಓದಿದೆ.

ನನ್ನನ್ನು ಅಲ್ಲಿ ತರಬೇಡ. ನಂದೀಶನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಮನೆತನದ ಬಗ್ಗೆ ವಿಚಾರಿಸುವವರು ನಾಗಪುರದಲ್ಲೂ ಇರುತ್ತಾರೆ. ನೀನು ನಿನ್ನದನ್ನು ಊರೆಲ್ಲ ಸಾರುವವಳಾದರೆ ಸಾರು, ನಿನ್ನ ಬಾಯಿಗೆ ನಾನು ಎಂದೂ ಅಡ್ಡ ಬಂದಿಲ್ಲ. ನನ್ನ ಹೆಸರು ಬರಲೇಬೇಕಾದರೆ ಏನಾದರೂ ಚಲೋದು ಹೇಳು. ನಾನು ಸತ್ತ ಮೇಲೆ ನಿನಗೆ ಬೇಕಾದ್ದು ಹೇಳಿಕೊಳ್ಳುವಿಯಂತೆ. ಬಹಳ ದಿನ ಕಾಯಿಸುವುದಿಲ್ಲ.

ಇಲ್ಲಿ ಮಳೆ ಜಿಟಿಜಿಟಿ ಹಿಡಿದಿದೆ. ನೂಲು ಒಣಗದೆ ನೇಯುವವರೆಲ್ಲ ಕೈ ಕಟ್ಟಿ ಕೂತಿದ್ದಾರೆ. ಚನ್ನವೀರನಿಗೆ ಕೇಳಿದೆ ಎಂದು ಹೇಳು.

ಲಕ್ಷ್ಮವ್ವ


ಪ್ರತಾಪ ನಗರ, ನಾಗಪುರ
೧೦ ಆಗಸ್ಟ್ ೨೦೨೪

ಅಕ್ಕಾ,

ನೀನು ಹೇಳಿದಂತೆಯೇ ಮಾಡಿದೆ. ಚಲೋದು ಹೇಳಿದೆ. ಓದಿ ಸಂತೋಷಪಡು.

ಈಗ ನಮ್ಮನ್ನು ವಾರ್ಡಿಗೆ ಬಿಟ್ಟಿದ್ದಾರೆ. ನನ್ನ ಪಾಲಿಗೆ ಬಂದವಳು ಉಮರೇಡ್ ಕಡೆಯ ಇಪ್ಪತ್ತಾರು ವರ್ಷದ ಹುಡುಗಿ. ಹೆಸರು ಹೊರಗೆ ಹೇಳುವಂತಿಲ್ಲ. ಸ್ವಪ್ನಾ ಎನ್ನುತ್ತೇನೆ, ನಿಜವಾದ ಹೆಸರು ಬೇರೆ. ಗಂಡ ಕಲ್ಲಿದ್ದಲ ಗಣಿಯಲ್ಲಿ ಡಂಪರ್ ಓಡಿಸುತ್ತಾನೆ. ಐದು ತಿಂಗಳ ಹೆಣ್ಣುಕೂಸು ಅತ್ತೆಯ ಹತ್ತಿರ ಇದೆ. ನನಗೆ ಬಂದಂಥದೇ ಇವಳಿಗೂ ಬಂದಿದೆ, ಬಾಣಂತಿಯ ಕಾಯಿಲೆ. ಮಾತು ನಿಲ್ಲಿಸಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ದಿನದಿಂದ ಉಂಡಿರಲಿಲ್ಲ.

ಒಂದು ತಾಸು ಅವಳ ಹತ್ತಿರ ಸುಮ್ಮನೆ ಕೂತಿದ್ದೆ. ಮನೆಗೆ ಬಂದು ಹೇಳಿದರೆ ಚನ್ನವೀರ ನಂಬಲಿಲ್ಲ. "ಅವ್ವಾ, ನಿದ್ದಿ ಹತ್ತಿರಬೇಕು ನಿನಗ," ಎಂದ. ಮುಂದಿನ ಸಲವೂ ಹಾಗೆಯೇ ಕೂತೆ. ಆ ದಿನ ಅವಳು ಗೋಡೆಯ ಕಡೆಯಿಂದಲೇ, "ಆಜಿ, ನೀವೂ ಇಂಥ ಕಡೆ ಇದ್ದಿರಂತೆ?" ಎಂದಳು. ಅವಳದು ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಇದ್ದೆ ಎಂದೆ.

"ಕರೆದುಕೊಂಡು ಹೋಗಲು ಯಾರಾದರೂ ಬಂದರಾ?"

ಬೇರೆ ಏನನ್ನಾದರೂ ಕೇಳಬಾರದಿತ್ತೇ? ನಿಜ ನಾಲಿಗೆಯ ಮೇಲಿತ್ತು, ನಿನ್ನ ಪತ್ರ ಚೀಲದಲ್ಲಿತ್ತು. ಹೂಂ, ನನ್ನ ಅಕ್ಕ ಬಂದಳು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪ್ರತಿ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು ಎಂದೆ. ಬರುವುದು ತಡವಾದರೂ ಬಿಡುತ್ತಿರಲಿಲ್ಲ ಎಂದೆ. ಮೂರನೆಯ ತಿಂಗಳು ಬಂದು, "ನಡಿ ಜಯಾ, ಸಾಕಿನ್ನ," ಎಂದು ಕೈ ಹಿಡಿದು ಎಬ್ಬಿಸಿದಳು ಎಂದೆ. ನಿನ್ನ ಕೈಗೆ ಹಸಿರು ಬಳೆ ಕೂಡ ತೊಡಿಸಿದೆ. ಹೇಳುತ್ತ ಹೇಳುತ್ತ ಬಾಗಿಲಿನಲ್ಲಿ ನೀನು ನಿಂತದ್ದು ನನಗೂ ಕಂಡಿತು. ಅಂಥ ಅಕ್ಕ ಇದ್ದವಳ ಬಗ್ಗೆ ಹೊಟ್ಟೆಕಿಚ್ಚು ಬಂತು.

ಸ್ವಪ್ನಾ ಹೊರಳಿದಳು. "ನನಗೂ ಅಕ್ಕ ಇದ್ದಾಳೆ, ಚಂದ್ರಪುರದಲ್ಲಿ," ಎಂದಳು. ಎದ್ದು ಕೂತು ಎರಡು ಚಪಾತಿ ಉಂಡಳು. ನರ್ಸ್ ಬಂದು ನೋಡಿ ನನ್ನ ಬೆನ್ನು ತಟ್ಟಿದಳು. ಎಲ್ಲರೂ ನನ್ನನ್ನು ಹೊಗಳಿದರು. ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಯಾಕೋ ಬಹಳ ದಣಿವಾಗಿತ್ತು.

ನಿನ್ನನ್ನು ಚಲೋ ಮಾಡಿದ
ಜಯವ್ವ


ಪ್ರತಾಪ ನಗರ, ನಾಗಪುರ
೧೦ ಸೆಪ್ಟೆಂಬರ್ ೨೦೨೪

ಅಕ್ಕಾ,

ಓಣಿಯಲ್ಲಿ ಗಣಪತಿ ಕೂಡಿಸಿದ್ದಾರೆ. ಮುಂಜಾನೆಯಿಂದ ಢೋಲು. ನಿನ್ನ ಕಿವಿಯ ಮೇಲೆ ನನಗೆ ಆಸೆಯಾಗುತ್ತಿದೆ.

ಹೇಳಬೇಕಾದದ್ದು ಕೆಟ್ಟದ್ದು. ಸ್ವಪ್ನಾ ಗುಣವಾಗುತ್ತ ಬಂದಳು. ಉಂಡಳು, ಜಳಕ ಮಾಡಿದಳು, ಕೂಸಿನ ಸುದ್ದಿ ಕೇಳತೊಡಗಿದಳು. ಡಾಕ್ಟರು ಮನೆಗೆ ಹೋಗಬಹುದು ಎಂದು ಬರೆದುಕೊಟ್ಟರು. ಹೋದ ತಿಂಗಳ ಕೊನೆಗೆ ಗಂಡ ಒಂದು ದಿನದ ಕೆಲಸ ಬಿಟ್ಟು ಕರೆದುಕೊಂಡು ಹೋಗಲು ಬಂದ. ಇವಳು ಹೋಗಲಿಲ್ಲ. "ನನ್ನ ಅಕ್ಕ ಬಂದು ಕೈ ಹಿಡಿದು ಎಬ್ಬಿಸಿದ ಮೇಲೆಯೇ ಏಳುತ್ತೇನೆ," ಎಂದಳಂತೆ. ಅವನು ಎಷ್ಟೋ ಹೊತ್ತು ಹೇಳಿ ನೋಡಿ, "ಹಾಗಾದರೆ ಅವಳೇ ಇಟ್ಟುಕೊಳ್ಳಲಿ," ಎಂದು ಎದ್ದು ಹೋದ. ಈಗ ದವಾಖಾನೆಯಿಂದ ಫೋನು ಮಾಡಿದರೆ ಎತ್ತುವುದಿಲ್ಲ.

ಅವಳ ಅಕ್ಕ ಬರುವವಳಲ್ಲ. ಎರಡು ವರ್ಷದಿಂದ ಆ ಮನೆಗೂ ಈ ಮನೆಗೂ ಮಾತಿಲ್ಲ, ಬರುವುದಿಲ್ಲ ಎಂದು ದವಾಖಾನೆಯವರಿಗೆ ಸಾಫ್ ಹೇಳಿಬಿಟ್ಟಿದ್ದಾಳೆ. ಅದನ್ನು ಹೇಳಿದರೆ ಸ್ವಪ್ನಾ ನಂಬುವುದಿಲ್ಲ. "ಆಜಿಯ ಅಕ್ಕನೂ ತಡವಾಗಿಯೇ ಬರುತ್ತಿದ್ದಳು," ಎನ್ನುತ್ತಾಳೆ. ಬಟ್ಟೆಯ ಚೀಲ ಕಾಲ ಬುಡಕ್ಕೆ ಇಟ್ಟುಕೊಂಡು ಬಾಗಿಲು ನೋಡುತ್ತ ಕೂತಿರುತ್ತಾಳೆ. ನಾನು ಆ ಬಾಗಿಲಿನಿಂದ ಒಳಗೆ ಹೋದಾಗಲೆಲ್ಲ ಅವಳ ಕುತ್ತಿಗೆ ಏಳುತ್ತದೆ, ನಾನು ಎಂದು ತಿಳಿದು ಇಳಿಯುತ್ತದೆ.

ಇವತ್ತು ಅಭಿಜಿತ್‌ಗೆ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವನು ಕನ್ನಡಕ ತೆಗೆದು ಒರೆಸಿ, "ಆಜಿ, ಅವಳ ಕೈಗೆ ಒಂದು ಹಗ್ಗ ಕೊಟ್ಟಿದ್ದೀರಿ. ಆ ತುದಿಗೆ ಏನೂ ಕಟ್ಟಿಲ್ಲ," ಎಂದ. ಕನ್ನಡಕ ಹಾಕಿಕೊಂಡು, "ನೀವೇ ಹೇಳಬೇಕು. ನಾನು ಬಾಗಿಲ ಹೊರಗೆ ಇರುತ್ತೇನೆ," ಎಂದ. ತರಬೇತಿಯ ಉಳಿದ ಪಾಠಗಳಿಗೆ ಸದ್ಯಕ್ಕೆ ಬರುವುದು ಬೇಡ ಎಂದೂ ಹೇಳಿದ.

ಶುಕ್ರವಾರ ಅವಳಿಗೆ ನಿಜ ಹೇಳುತ್ತೇನೆ. ಈ ಸಲ ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಈ ಪತ್ರ ನಿನಗೆ ಮುಟ್ಟುವಷ್ಟರಲ್ಲಿ ಹೇಳಿ ಆಗಿರುತ್ತದೆ.

ಸುಳ್ಳು ಹೇಳಿದ್ದು ನಿನ್ನ ಮಾನಕ್ಕಾಗಿ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ಒಬ್ಬರೂ ಬರಲಿಲ್ಲ ಎನ್ನಲು ನನಗೆ ನಾಚಿಕೆ. ಹುಚ್ಚಿ ಅನ್ನಿಸಿಕೊಂಡದ್ದಕ್ಕೆ ನಾಚಿಕೆಯಿಲ್ಲ ಅಕ್ಕಾ, ಯಾರಿಗೂ ಬೇಡಾಗಿದ್ದೆ ಎನ್ನುವುದಕ್ಕೆ.

ಒಂದೇ ಕೇಳುತ್ತೇನೆ. ಆಗ ನಾನು ಬರೆದ ಪತ್ರಗಳು ಮುಟ್ಟಿದ್ದವೋ ಇಲ್ಲವೋ? ಯಾಕೆ ಏನು ಎಂದು ಕೇಳುವುದಿಲ್ಲ.

ಜಯವ್ವ


ಬೆಟಗೇರಿ
೨೧ ಸೆಪ್ಟೆಂಬರ್ ೨೦೨೪

ಜಯಾ,

ಮುಟ್ಟಿದ್ದವು. ಎಲ್ಲವೂ. ದವಾಖಾನೆಯವರ ಕಾರ್ಡೂ ಮುಟ್ಟಿತ್ತು.

ನೀಲಕಂಠಪ್ಪ ತಿಂಗಳು ತಿಂಗಳು ಬರೆದು ಕೇಳುತ್ತಿದ್ದ. ನಿನ್ನ ಗಂಡನ ತಪ್ಪಿಲ್ಲ. "ಇನ್ನೂ ಆರಾಮ ಆಗಿಲ್ಲ, ರಜೆ ಹಾಳು ಮಾಡಿಕೊಂಡು ಬರಬೇಡ" ಎಂದು ಅವನಿಗೆ ಬರೆದವಳು ನಾನು. ಕೊನೆಗೆ ಅವನು ನನ್ನನ್ನು ಕೇಳದೆ ಬಂದ, ನೇರ ದವಾಖಾನೆಗೆ ಹೋದ, ನಿನ್ನನ್ನು ಕಂಡ, ಬಿಡಿಸಿಕೊಂಡು ಬಂದ. ನನಗೆ ಒಂದು ಮಾತೂ ಆಡಲಿಲ್ಲ. ಸಾಯುವವರೆಗೂ ಆಡಲಿಲ್ಲ. ನಿನಗಾದರೂ ಹೇಳಿದ್ದನೋ ಇಲ್ಲವೋ ನನಗೆ ತಿಳಿಯದು.

ಯಾಕೆ ಎಂದು ನೀನು ಕೇಳಲಿಲ್ಲ. ಆದರೂ ಬರೆಯುತ್ತೇನೆ. ಆರನೇ ತಿಂಗಳಿಗೆ ಕೂಸು ನನ್ನನ್ನು ಕಂಡರೆ ಕೈ ಚಾಚತೊಡಗಿತು. ಲಗ್ನವಾಗಿ ಹನ್ನೊಂದು ವರ್ಷ ನನ್ನ ಕಡೆಗೆ ಯಾರೂ ಕೈ ಚಾಚಿರಲಿಲ್ಲ. ನಾಳೆ ಬರೆದರಾಯಿತು ಎಂದೆ. ಹಲ್ಲು ಬರಲಿ ಎಂದೆ. ಹಲ್ಲು ಬಂತು. ಕೂಡಲಿ ಎಂದೆ. ಕೂತ. ಅಂಬೆಗಾಲು ಇಟ್ಟು ಒಲೆಯ ತನಕ ಬಂದ. ನಿನ್ನ ಪತ್ರ ಬಂದ ದಿನ ಅವನನ್ನು ಎತ್ತಿಕೊಂಡು ಓದುತ್ತಿದ್ದೆ. ಓದಿ ಅವನ ತೊಟ್ಟಿಲ ಕೆಳಗೆ ಇಡುತ್ತಿದ್ದೆ.

ತಪ್ಪಾಯಿತು ಎಂದು ಬರೆಯಲು ಮೂರು ದಿನದಿಂದ ಕೂತಿದ್ದೇನೆ. ಬರುತ್ತಿಲ್ಲ. ಆ ದಿನಗಳು ನನ್ನ ಜನ್ಮದಲ್ಲೇ ಚಲೋ ದಿನಗಳು. ತಪ್ಪಾಯಿತು ಎಂದರೆ ಸುಳ್ಳಾಗುತ್ತದೆ, ಆಗಿಲ್ಲ ಎಂದರೆ ಅದೂ ಸುಳ್ಳು.

ಆ ಹುಡುಗಿಗೆ ಹೇಳು. ಹೇಳಿದ್ದರೆ ಹೇಳಿದ್ದು ಸರಿ. ನನ್ನ ಹೆಸರಿಟ್ಟೇ ಹೇಳು.

ಲಕ್ಷ್ಮವ್ವ


ಪ್ರತಾಪ ನಗರ, ನಾಗಪುರ
೧೪ ಅಕ್ಟೋಬರ್ ೨೦೨೪

ಅಕ್ಕಾ,

ನಿನ್ನ ಪತ್ರ ಬಂದು ಹದಿನೈದು ದಿನ ದಾಟಿತು. ಉತ್ತರ ಬರೆದು ಬರೆದು ಹರಿದೆ. ಒಂದರಲ್ಲಿ ಚಲೋ ಬೈದಿದ್ದೆ, ಹರಿಯಲು ಮನಸ್ಸು ಬರಲಿಲ್ಲ, ಆದರೂ ಹರಿದೆ. ಇದನ್ನು ಹರಿಯುವುದಿಲ್ಲ, ಕೈ ಸೋತಿದೆ.

ಮೊದಲು ಸ್ವಪ್ನಾಳದು ಹೇಳುತ್ತೇನೆ. ಆ ಶುಕ್ರವಾರ ಅವಳ ಮಂಚದ ಹತ್ತಿರ ಕೂತು, ನಾನು ಹೇಳಿದ ಅಕ್ಕ ಬರಲೇ ಇಲ್ಲ, ಬುತ್ತಿಯೂ ಇಲ್ಲ, ಐದು ತಿಂಗಳು ನಾನು ಬಾಗಿಲು ನೋಡಿದೆ ಎಂದೆ. ನಾನು ಯೋಚಿಸಿದ್ದು ಅವಳು ಅಳುತ್ತಾಳೆ ಎಂದು. ಅಳಲಿಲ್ಲ. "ನೀವೂ ಎಲ್ಲರ ಹಾಗೆಯೇ," ಎಂದು ಗೋಡೆಗೆ ತಿರುಗಿದಳು. ಹೊರಗೆ ಬಂದರೆ ಅಭಿಜಿತ್ ನನ್ನ ಕೈಗೆ ಒಂದು ಕಪ್ ಚಹಾ ಕೊಟ್ಟ. ಅದನ್ನು ಕುಡಿಯುವುದಕ್ಕೂ ಆಗಲಿಲ್ಲ ನನಗೆ.

ಮಂಗಳವಾರ ಮತ್ತೆ ಹೋದೆ. ಪಾಠಕ್ಕೆ ಬರಬೇಡ ಎಂದಿದ್ದ, ವಾರ್ಡಿಗೆ ಬರಬೇಡ ಎಂದಿರಲಿಲ್ಲ. ಅವಳು ಗೋಡೆಯ ಕಡೆಯಿಂದ ಹೊರಳಲಿಲ್ಲ. ಒಂದು ತಾಸು ಕೂತು ಎದ್ದು ಬಂದೆ. ಮುಂದಿನ ಶುಕ್ರವಾರ, ನಾನು ಏಳುವ ಹೊತ್ತಿಗೆ, "ಮನೆಗೆ ಹೋದಾಗ ಮಗ ನಿಮ್ಮನ್ನು ಗುರುತು ಹಿಡಿದನಾ?" ಎಂದಳು.

ಇಲ್ಲ ಎಂದೆ. ಗದಗ ಸ್ಟೇಶನ್ನಿನಲ್ಲಿ ನನ್ನ ಹೆಗಲ ಮೇಲಿಂದ ಅಕ್ಕನ ಕಡೆ ಕೈ ಮಾಡಿ ಅತ್ತ, ನಾಗಪುರ ಬರುವವರೆಗೂ ಅತ್ತ ಎಂದೆ.

"ಎಷ್ಟು ದಿನ ಹಾಗೆ?"

"ಒಂದು ಮಳೆಗಾಲ ಪೂರ್ತಿ ನನ್ನ ಕೈಯಲ್ಲಿ ಉಣ್ಣಲಿಲ್ಲ. ಆಮೇಲೆ ಉಂಡ."

ನನ್ನ ಬಾಯಿಯಲ್ಲಿ ಹತ್ತು ಬುದ್ಧಿಮಾತು ಬಂದು ಹಲ್ಲಿಗೆ ಬಡಿದು ತಿರುಗಿ ಹೋದವು. ಕೊನೆಗೆ ಅವಳೇ, "ನನ್ನ ಮಗಳಿಗೆ ಆರು ತಿಂಗಳು ತುಂಬಿತು," ಎಂದು ಎದ್ದು, ಅತ್ತೆಗೆ ಫೋನು ಮಾಡಿಸಿದಳು. ಗಂಡನಿಗಲ್ಲ, ಅತ್ತೆಗೆ. ಆ ಮುದುಕಿ ಎರಡನೆಯ ದಿನವೇ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಉಮರೇಡ್ ಬಸ್ಸಿಗೆ ಬಂದಳು. ಕೂಸು ತಾಯಿಯನ್ನು ನೋಡಿ ಅಜ್ಜಿಯ ಕುತ್ತಿಗೆಗೆ ಮುಖ ಹಚ್ಚಿತು. ಸ್ವಪ್ನಾ ನನ್ನನ್ನು ನೋಡಿದಳು. ಬೆಂಚಿನ ಮೇಲೆ ಸರಿದು ಜಾಗ ಮಾಡಿದೆ. ಅತ್ತೆ ಕೂತಳು, ಪಕ್ಕದಲ್ಲಿ ಇವಳು ಕೂತಳು, ನಡುವೆ ಕೂಸಿನ ಕಾಲು. ಇವಳು ಆ ಕಾಲನ್ನು ಹಿಡಿದುಕೊಂಡಳು. ಕೂಸು ಎಳೆದುಕೊಳ್ಳಲಿಲ್ಲ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಸ್ವಪ್ನಾ ಬಟ್ಟೆಯ ಚೀಲ ಎತ್ತಿಕೊಂಡು ಅವರ ಜೊತೆ ಹೊರಟಳು. ಹೋಗಿಬರುತ್ತೇನೆ ಎಂದು ಅವಳು ನನಗೆ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ನನಗೆ ಸರ್ಟಿಫಿಕೇಟು ಸಿಗಲಿಲ್ಲ. ಶಾಮನಿಗೆ ಸಿಕ್ಕಿತು, ಆಟೋದ ಕನ್ನಡಿಯ ಹತ್ತಿರ ಅಂಟಿಸಿಕೊಂಡಿದ್ದಾನೆ. ಬೇಕಾದರೆ ಮುಂದಿನ ಬ್ಯಾಚಿನಲ್ಲಿ ಮೊದಲ ಪಾಠದಿಂದ ಕೂರಿ ಎಂದು ಅಭಿಜಿತ್ ಹೇಳಿದ. ಕೂರುತ್ತೇನೆ. ಸೌಜನ್ಯಾ, "ಅತ್ತೀ, ಇನ್ನ ಮೂರ ತಿಂಗಳಾ?" ಎಂದು ಹಣೆ ಒತ್ತಿಕೊಂಡಳು. ಈ ಸಲ ಕಥೆ ಹೇಳುವಾಗ ನಿನ್ನ ಹೆಸರು ಹೇಳುತ್ತೇನೆ. ನೀನು ಬರೆದ ಕಾರಣವನ್ನು ಹೇಳುವುದಿಲ್ಲ. ಅದು ಐದು ನಿಮಿಷದಲ್ಲಿ ಹಿಡಿಸುವುದಿಲ್ಲ.

ಇವರು ನನಗೂ ಏನೂ ಹೇಳಿರಲಿಲ್ಲ ಅಕ್ಕಾ. ಮೂವತ್ತು ವರ್ಷ ಒಂದೇ ತಾಟಿನ ಎದುರು ಕೂತು ಉಂಡೆವು, ಒಂದು ಮಾತಿಲ್ಲ. ನೀನೇ ಪತ್ರ ಮುಚ್ಚಿಟ್ಟಿರಬೇಕು ಎಂದು ನನಗೆ ಸಂಶಯವಿತ್ತು. ಅವುಗಳನ್ನು ತೊಟ್ಟಿಲ ಕೆಳಗೆ ಇಟ್ಟೆ ಎಂದು ತಿಳಿದಿರಲಿಲ್ಲ. ಯಾಕೋ ಅದನ್ನು ಓದಿದ ಮೇಲೆ ಬೈಯುವುದು ಕಷ್ಟವಾಯಿತು. ಕ್ಷಮಿಸಿದೆ ಎಂದು ತಿಳಿಯಬೇಡ. ನಿನಗೆ ಬಾರದ ಮಾತು ನೀನು ಬರೆಯಲಿಲ್ಲ, ನನಗೆ ಬಾರದ್ದು ನಾನೂ ಬರೆಯುವುದಿಲ್ಲ.

ಚನ್ನವೀರ, "ದೊಡ್ಡವ್ವ ಏನ ಬರದಾಳ?" ಎಂದು ಕೇಳಿದ. ಓದಿ ಹೇಳಲಿಲ್ಲ. ಅವನನ್ನು ಎತ್ತಿಕೊಂಡವಳು ನೀನು, ಹೇಳಬೇಕಾದವಳೂ ನೀನೇ. ದೀಪಾವಳಿಗೆ ಕಾರ್ಖಾನೆ ನಾಲ್ಕು ದಿನ ಮುಚ್ಚುತ್ತದೆ. ಅವನನ್ನು ಬೆಟಗೇರಿಗೆ ಕಳಿಸುತ್ತೇನೆ, ಒಬ್ಬನನ್ನೇ. ನಾನು ಬರುವುದಿಲ್ಲ. ಬಂದರೆ ನೀವಿಬ್ಬರೂ ನನ್ನ ಮುಖ ನೋಡುತ್ತ ಕೂರುತ್ತೀರಿ.

ಅವನಿಗೆ ಈಗ ಸಕ್ಕರೆ ಕಾಯಿಲೆ. ಹೋಳಿಗೆ ಮಾಡಿದರೆ ಒಂದೇ ಹಾಕು. ಇನ್ನೊಂದು ಕೇಳುತ್ತಾನೆ. ನೀನು ಹಾಕುತ್ತೀ ಎಂದು ಗೊತ್ತು, ಆದರೂ ಬರೆದಿದ್ದೇನೆ.

ಜಯಾ